ವಿಜಯನಗರದ ಅಶ್ವವ್ಯಾಪಾರವೂ ಕುದುರೆಗಳ ಶ್ವಾಸರೋಗಗಳೂ

೧

ವಿಜಯನಗರ ಸಾಮ್ರಾಜ್ಯದ ಸೈನ್ಯಬಲವನ್ನು ಕುರಿತು ಬರೆದ ವಿದ್ವಾಂಸರೆಲ್ಲರೂ ಅರಬ್ಬೀ ಮತ್ತು ಪಾರಸಿಕ ಕುದುರೆಗಳ ಆಮದನ್ನು ಪ್ರಸ್ತಾಪಿಸಿದ್ದಾರೆ. ಆ ಕುದುರೆಗಳ ಬೆಲೆ, ಅವು ಬಂದಿಳಿಯುತ್ತಿದ್ದ ಬಂದರುಗಳು, ಪೋರ್ಚುಗೀಸರೊಡನೆ ನಡೆದ ಒಪ್ಪಂದಗಳು ಮುಂತಾದ ಸಂಗತಿಗಳು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಸ್ಥಾನವನ್ನು ಪಡೆದಿವೆ. ಆದರೆ ವರ್ಷವರ್ಷವೂ ಅಷ್ಟು ದೊಡ್ಡ ಸಂಖ್ಯೆಯ ಕುದುರೆಗಳನ್ನು ಏತಕ್ಕೆ ಕೊಳ್ಳಬೇಕಾಗುತ್ತಿದ್ದಿತು ಎಂಬ ಪ್ರಶ್ನೆಗೆ ಮಾತ್ರ, ಈ ದೇಶದ ಹವೆ ಅವುಗಳಿಗೆ ಒಗ್ಗುತ್ತಿರಲಿಲ್ಲ ಎಂಬ ಒಂದೇ ವಾಕ್ಯದ ಉತ್ತರ ದೊರೆಯುತ್ತದೆ. ಹವೆ ಒಗ್ಗದಿರುವುದೆಂಬುದು ಒಂದು ರೋಗದ ಹೆಸರಲ್ಲ. ಕುದುರೆಗಳು ಸತ್ತುವೆಂದ ಮೇಲೆ ಯಾವುದೋ ಒಂದು ಕಾರಣದಿಂದಲೇ ಸತ್ತಿರಬೇಕು. ಆ ಕಾರಣವನ್ನು ಹುಡುಕುವುದು ಸಾಧ್ಯವೆ, ಸಾಧ್ಯವಾದರೆ ಎಷ್ಟರ ಮಟ್ಟಿಗೆ, ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ಕುದುರೆಗೆ ಬರುವ ಎಲ್ಲ ರೋಗಗಳನ್ನೂ ಇಲ್ಲಿ ಎತ್ತಿಕೊಂಡಿಲ್ಲ. ದೂರದ ಪ್ರಯಾಣ ಮಾಡಿ, ಗುಂಪಾಗಿ ಕೂಡಿ, ಒಂದೇ ಲಾಯದಲ್ಲಿ ನಿಲ್ಲುವ ಕುದುರೆಗಳನ್ನು ಮೊದಲು ಹಿಡಿಯುವಂಥವು ಮೂಗು, ಗಂಟಲುಗಳ ರೋಗಗಳು. ಆದುದರಿಂದ ಶ್ವಾಸಮಾರ್ಗದ ಮೇಲುಭಾಗದಲ್ಲಿ ಬ್ಯಾಕ್ಟೀರಿಯಗಳಿಂದ ಉಂಟಾಗುವ ರೋಗಗಳಿಗೆ ನಮ್ಮ ವಿಚಾರವನ್ನು ಸೀಮಿತಗೊಳಿಸಿದ್ದೇವೆ. ನಾವು ಪಶುವೈದ್ಯರಲ್ಲ. ಆದರೂ ಚರಿತ್ರೆಯ ವಿದ್ಯಾರ್ಥಿಗೆ ಲಿಪಿಶಾಸ್ತ್ರದ ಪರಿಚಯ ಬೇಕಾಗುವಂತೆಯೇ, ಇಂಥ ಪ್ರಶ್ನೆಗಳಲ್ಲಿ ರೋಗಾಣುಶಾಸ್ತ್ರದ ಪರಿಚಯವೂ ಅಲ್ಪಮಟ್ಟಿಗಾದರೂ ಬೇಕಾಗುತ್ತದೆ.

೨

ಹೊಸಪೇಟೆಯಿಂದ ತುಂಗಭದ್ರೆಯ ದಡವನ್ನು ಅನುಸರಿಸಿ ಕಂಪ್ಲಿಯವರೆಗೆ ಹಬ್ಬಿರುವ ಪ್ರದೇಶಕ್ಕೆ ಕುದುರೆಯ ನೆನಪು ವಿಜಯನಗರಕ್ಕಿಂತಲೂ ಹಿಂದಿನದು. ಕಂಪಿಲರಾಜನ ಮಗನಾದ ಕುಮಾರರಾಮನನ್ನು ಕುರಿತ ಕಾವ್ಯಗಳಲ್ಲಿಯೂ ಜನಪದ ಕಥೆಗಳಲ್ಲಿಯೂ ಆತನ ಕುದುರೆಯಾದ ಬೊಲ್ಲನ ಹೆಸರು ಆತನ ಹೆಸರಿನೊಡನೆಯೇ ಉಳಿದುಬಂದಿದೆ. ಕ್ರಿ. ಶ. ೧೩೨೭ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಕಂಪಿಲಿ ರಾಜ್ಯವು ಬಲಿಯಾದ ಬಳಿಕ, ಅದೇ ನೆಲದ ಸಮೀಪದಲ್ಲಿ ಏರ್ಪಟ್ಟ ವಿಜಯನಗರವು ಅಶ್ವಬಲದ ಪಾಠವನ್ನು ಮರೆಯಲಿಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆಯೂ, ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿಯೂ, ಲಗಾಮು ಹಿಡಿದು ಕುದುರೆಗಳನ್ನು ನಡೆಸಿಕೊಂಡು ಹೋಗುವ ಆಳುಗಳ ಸಾಲುಸಾಲು ಶಿಲ್ಪಗಳಿವೆ. ವಿಠ್ಠಲ ದೇವಾಲಯದ ಮುಂದಿನ ಬೀದಿಯಲ್ಲಿ ಕುದುರೆಗೊಂಬೆ ಮಂಟಪವು ಇಂದಿಗೂ ನಿಂತಿದೆ.

ಲಿಖಿತ ಆಧಾರಗಳು ಇನ್ನೂ ಸ್ಪಷ್ಟವಾಗಿವೆ. ೧೫೩೫ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದು, ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಲೇಖಕ ನ್ಯೂನಿಜ್, ಅರಸನು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಇವುಗಳಲ್ಲಿ ಹೋರ್ಮುಜ್ ಕುದುರೆಗಳೂ ನಾಡತಳಿಯ ಕುದುರೆಗಳೂ ಸೇರಿದ್ದುವು. ಅವನಿಗಿಂತ ಮೊದಲು ಪಶ್ಚಿಮ ಕರಾವಳಿಯಲ್ಲಿ ಹಲವು ವರ್ಷ ಇದ್ದ ಬಾರ್ಬೊಸನು, ಕುದುರೆಗಳು ಈ ನಾಡಿನಲ್ಲಿ ಚೆನ್ನಾಗಿ ಬಾಳುವುದಿಲ್ಲವೆಂದೂ, ಅಲ್ಪಕಾಲದಲ್ಲಿಯೇ ಸಾಯುತ್ತವೆಂದೂ, ಆ ಕಾರಣದಿಂದಲೇ ಅವುಗಳ ಬೆಲೆ ಏರಿದೆಯೆಂದೂ ಬರೆದಿದ್ದಾನೆ.

ಎಲ್ಲಕ್ಕಿಂತ ವಿಚಿತ್ರವಾದುದು ಸಾಳುವ ನರಸಿಂಹನನ್ನು ಕುರಿತು ನ್ಯೂನಿಜನು ಹೇಳುವ ಮಾತು. ಆ ಅರಸನು ಹೋರ್ಮುಜ್ ಮತ್ತು ಏಡನ್ನಿನಿಂದ ಬರುವ ಕುದುರೆಗಳನ್ನು ಸಾವಿರ ಪರದಾವ್‌ಗೆ ಮೂರರಂತೆ, ಬದುಕಿರಲಿ ಸತ್ತಿರಲಿ, ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ವರ್ತಕರು ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಗೆ ಕೊಡುವಷ್ಟೇ ಹಣವನ್ನು ಕೊಡುತ್ತಿದ್ದನಂತೆ.

ಈ ಹೇಳಿಕೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಸುಮಾರು ಎರಡು ಶತಮಾನಗಳಷ್ಟು ಹಿಂದೆ, ಪಾರಸಿಕ ಇತಿಹಾಸಕಾರನಾದ ವಸ್ಸಾಫನು ಪಾಂಡ್ಯರ ನಾಡಿಗೆ ಹೋಗುತ್ತಿದ್ದ ಕುದುರೆಗಳ ವಿಷಯದಲ್ಲಿ ಇಂಥದೇ ಕರಾರನ್ನು ದಾಖಲೆಮಾಡಿದ್ದಾನೆ. ಒಂದು ಕುದುರೆಗೆ ೨೨೦ ದೀನಾರುಗಳೆಂದು ನಿಶ್ಚಯಿಸಿ, ದಾರಿಯಲ್ಲಿ ಸತ್ತುದಕ್ಕೂ ಅರಮನೆಯ ಬೊಕ್ಕಸದಿಂದಲೇ ಬೆಲೆ ತೆರುತ್ತಿದ್ದರೆಂದು ಆತನು ಹೇಳುತ್ತಾನೆ. ಅದೇ ಕಾಲದ ಮಾರ್ಕೊ ಪೋಲೊ, ಅಲ್ಲಿನ ಅರಸನು ವರ್ಷಕ್ಕೆ ಎರಡು ಸಾವಿರಕ್ಕೂ ಮೇಲ್ಪಟ್ಟು ಕುದುರೆಗಳನ್ನು ಕೊಂಡರೂ ವರ್ಷದ ಕೊನೆಗೆ ನೂರು ಉಳಿಯುವುದಿಲ್ಲವೆಂದು ಬರೆದು, ಆರೈಕೆ ಬಲ್ಲವರಿಲ್ಲದಿರುವುದೇ ಅದಕ್ಕೆ ಕಾರಣವೆನ್ನುತ್ತಾನೆ. ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಸಾವಿನ ನಷ್ಟವನ್ನು ಕೊಳ್ಳುವವನೇ ಹೊರುವ ಪದ್ಧತಿ ಎರಡು ಬೇರೆ ಬೇರೆ ಕಾಲಗಳಲ್ಲಿ, ಎರಡು ಬೇರೆ ರಾಜ್ಯಗಳಲ್ಲಿ ಕಂಡುಬರುವುದರಿಂದ, ಸಾಗಣೆಯಲ್ಲಿ ಕುದುರೆಗಳು ಸಾಯುವುದು ಅಪರೂಪದ ಘಟನೆಯಾಗಿರಲಿಲ್ಲವೆಂಬುದು ವಿದಿತವಾಗುತ್ತದೆ.

ಇಲ್ಲಿ ಒಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಾಲವು ಕುದುರೆ ಸತ್ತಿತೆಂಬುದಕ್ಕೆ ಸಾಕ್ಷಿ. ಏತರಿಂದ ಸತ್ತಿತೆಂಬುದಕ್ಕೆ ಸಾಕ್ಷಿಯಲ್ಲ. ನಮ್ಮ ಲಿಖಿತ ಆಧಾರಗಳೆಲ್ಲವೂ ಒಂದು ಅರ್ಥದಲ್ಲಿ ಆ ಬಾಲದಂತೆಯೇ ಇವೆ. ಸಾವನ್ನು ಎಣಿಸುತ್ತವೆ, ಬೆಲೆಯನ್ನು ಬರೆಯುತ್ತವೆ, ರೋಗವನ್ನು ವರ್ಣಿಸುವುದಿಲ್ಲ.

೩

ರೋಗವನ್ನು ವರ್ಣಿಸುವ ಸಾಹಿತ್ಯ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬಂದ ಅಶ್ವಶಾಸ್ತ್ರ ಪರಂಪರೆ, ನಕುಲನದೆಂದು ಹೇಳುವ ಅಶ್ವಚಿಕಿತ್ಸೆ, ಜಯದತ್ತನ ಅಶ್ವವೈದ್ಯಕ ಇವು ಸಂಸ್ಕೃತದಲ್ಲಿ ಪ್ರಸಿದ್ಧವಾಗಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಕುದುರೆಯ ವಿಷಯವುಂಟು. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯದ ತರುವಾಯ, ಸುಮಾರು ಕ್ರಿ. ಶ. ೧೪೦೦ರಲ್ಲಿ ಅಭಿನವಚಂದ್ರನು ಕುದುರೆಯ ವೈದ್ಯವನ್ನೇ ವಿಷಯವಾಗುಳ್ಳ ಗ್ರಂಥವನ್ನು ಬರೆದನು. ವಿಜಯನಗರದ ಕುದುರೆಲಾಯಗಳು ತುಂಬುತ್ತಿದ್ದ ಕಾಲದಲ್ಲಿಯೇ ಕನ್ನಡದಲ್ಲಿ ಅಶ್ವವೈದ್ಯವು ಗ್ರಂಥರೂಪವನ್ನು ಪಡೆಯಿತೆಂಬುದು ಗಮನಾರ್ಹವಾದ ಸಂಗತಿ.

ಆದರೆ ಪ್ರಾಚೀನ ವೈದ್ಯದ ವರ್ಗೀಕರಣಕ್ಕೂ ಇಂದಿನ ವರ್ಗೀಕರಣಕ್ಕೂ ಮೂಲಭೂತವಾದ ಭೇದವಿದೆ. ಹಿಂದಿನವರು ಲಕ್ಷಣವನ್ನು ನೋಡಿ ರೋಗಕ್ಕೆ ಹೆಸರಿಟ್ಟರು, ವಾತ ಪಿತ್ತ ಕಫಗಳ ವೈಷಮ್ಯದಿಂದ ಅದನ್ನು ವಿವರಿಸಿದರು. ಇಂದಿನವರು ರೋಗಕಾರಕವಾದ ಜೀವಿಯನ್ನು ಹಿಡಿದು ಹೆಸರಿಡುತ್ತಾರೆ. ಕುದುರೆಯ ಮೂಗಿನಿಂದ ಸಿಂಬಳ ಸುರಿಯಿತು, ಕೆಮ್ಮಿತು, ಜ್ವರವೇರಿತು ಎಂಬ ವರ್ಣನೆಯು ಐದಾರು ಬೇರೆ ಬೇರೆ ರೋಗಗಳಿಗೆ ಸಮನಾಗಿ ಅನ್ವಯಿಸುತ್ತದೆ. ಆದಕಾರಣ ಹಳೆಯ ಹೆಸರೊಂದರ ಮುಂದೆ ಹೊಸ ಹೆಸರನ್ನು ಇಟ್ಟು ಸಮೀಕರಿಸಿಬಿಡುವುದು ಅಪಾಯಕರ. ಆ ಅಪಾಯ ಎಷ್ಟೆಂಬುದು, ಒಂದನ್ನೊಂದು ಹೋಲುವ ಈ ರೋಗಗಳನ್ನು ಇಂದು ಹೇಗೆ ಬೇರ್ಪಡಿಸುತ್ತಾರೆಂಬುದನ್ನು ತಿಳಿದರೆ ಸ್ಪಷ್ಟವಾದೀತು.

೪

ನಮ್ಮ ವಿಷಯಕ್ಕೆ ಮುಖ್ಯವಾದ ರೋಗಗಳು ಮೂರು.

ಮೊದಲನೆಯದು ಸ್ಟ್ರ್ಯಾಂಗಲ್ಸ್. ಉಸಿರು ಕಟ್ಟಿಸುವುದೆಂದು ಈ ಹೆಸರಿನ ಅರ್ಥ. ಸೋಂಕು ತಗುಲಿದ ೩ರಿಂದ ೧೪ ದಿನಗಳಲ್ಲಿ ಜ್ವರ ಏರುತ್ತದೆ. ಕುದುರೆ ಮೇವು ಬಿಡುತ್ತದೆ. ದವಡೆಯ ಕೆಳಗಿನ ಮತ್ತು ಗಂಟಲ ಹಿಂದಿನ ಗ್ರಂಥಿಗಳು ಊದಿಕೊಂಡು, ಕೀವು ತುಂಬಿ, ಕೆಲವು ದಿನಗಳಲ್ಲಿ ಒಡೆಯುತ್ತವೆ. ಎಳೆಯ ಪ್ರಾಯದ ಕುದುರೆಗಳಲ್ಲಿ ಇದು ಹೆಚ್ಚು. ಲಾಯದಲ್ಲಿ ಒಂದಕ್ಕೆ ಬಂದರೆ ಬಹುಮಟ್ಟಿಗೆ ಎಲ್ಲಕ್ಕೂ ಹರಡುತ್ತದೆ. ಆದರೆ ಹೆಚ್ಚಿನವು ಗುಣಹೊಂದುತ್ತವೆ. ಕೀವು ದೇಹದ ಒಳಗಿನ ಅಂಗಗಳಿಗೆ ಹರಡಿದಾಗಲೂ, ಊತವು ಉಸಿರಿನ ದಾರಿಯನ್ನು ಮುಚ್ಚಿದಾಗಲೂ ಸಾವುಂಟು. ಸಿಸಿಲಿಯಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಆಶ್ರಯದಲ್ಲಿದ್ದ ಜೋರ್ಡಾನಸ್ ರುಫಸನು ೧೩ನೆಯ ಶತಮಾನದ ನಡುವಿನಲ್ಲಿಯೇ ಈ ರೋಗವನ್ನು ವರ್ಣಿಸಿದ್ದನು.

ಎರಡನೆಯದು ಗ್ಲ್ಯಾಂಡರ್ಸ್. ಇದು ಪ್ರಾಣಾಂತಕವಾದುದು. ಮೂಗಿನಿಂದ ಅಂಟಂಟಾದ ಹಳದಿ ಸ್ರಾವ ಬರುತ್ತದೆ. ಮೂಗಿನ ನಡುಗೋಡೆಯ ಮೇಲೆ ಹುಣ್ಣುಗಳೆದ್ದು, ಮಾಗಿದಾಗ ನಕ್ಷತ್ರಾಕಾರದ ಕಲೆಗಳನ್ನು ಉಳಿಸುತ್ತವೆ. ಶ್ವಾಸಕೋಶದಲ್ಲಿ ಗಂಟುಗಳಾಗುತ್ತವೆ. ಇದೇ ರೋಗವು ಚರ್ಮಕ್ಕೆ ಇಳಿದಾಗ ಅದನ್ನು ಫಾರ್ಸಿ ಎಂದು ಕರೆಯುತ್ತಾರೆ. ಕತ್ತೆ, ಹೇಸರಗತ್ತೆಗಳಲ್ಲಿ ಇದು ತೀವ್ರವಾಗಿ ಬಂದು ಬೇಗ ಕೊಲ್ಲುತ್ತದೆ. ಕುದುರೆಯಲ್ಲಿಯಾದರೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆದಾಡುತ್ತದೆ. ಆ ಅವಧಿಯಲ್ಲೆಲ್ಲ ಅದು ಇತರ ಕುದುರೆಗಳಿಗೆ ಸೋಂಕನ್ನು ಹಂಚುತ್ತಿರುತ್ತದೆ. ಆರೈಕೆ ಮಾಡುವ ಮನುಷ್ಯನಿಗೂ ಈ ರೋಗ ತಗುಲುತ್ತದೆ.

ಮೂರನೆಯದು ಒಂದು ನಿಶ್ಚಿತ ರೋಗವೆನ್ನುವುದಕ್ಕಿಂತ ದೂರ ಸಾಗಣೆಯ ಫಲವೆನ್ನಬಹುದು. ಕುದುರೆಯು ತಲೆಯನ್ನು ತಗ್ಗಿಸಿ ಮೇಯುವಾಗ ಶ್ವಾಸನಾಳದಲ್ಲಿ ಸೇರಿದ ಕಫವೂ ಧೂಳೂ ತಾವಾಗಿಯೇ ಹೊರಬೀಳುತ್ತವೆ. ಪ್ರಯಾಣದಲ್ಲಿ ಅದರ ತಲೆಯನ್ನು ಎತ್ತರಕ್ಕೆ ಕಟ್ಟಿ ಒಂದು ದಿನಕ್ಕೂ ಮೇಲ್ಪಟ್ಟು ನಿಲ್ಲಿಸಿದರೆ, ಸ್ವಸ್ಥ ಕುದುರೆಯ ಗಂಟಲಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಗಳೇ ಕೆಳಗಿಳಿದು ವೃದ್ಧಿಹೊಂದಿ, ಶ್ವಾಸಕೋಶ ಮತ್ತು ಅದರ ಹೊದಿಕೆಯ ಉರಿಯೂತವನ್ನು ಉಂಟುಮಾಡುತ್ತವೆ. ಹೊರಗಿನಿಂದ ಸೋಂಕು ಬಾರದೆಯೇ ರೋಗ ಹುಟ್ಟಬಹುದೆಂಬುದಕ್ಕೆ ಇದು ನಿದರ್ಶನ.

ಇವಲ್ಲದೆ ವೈರಸ್ಸುಗಳಿಂದ ಬರುವ ಕುದುರೆಯ ಫ್ಲೂ ಮೊದಲಾದ ರೋಗಗಳೂ ಇದೇ ಬಗೆಯ ಕೆಮ್ಮು, ಜ್ವರ, ಸಿಂಬಳಗಳನ್ನು ತೋರಿಸುತ್ತವೆ. ಭಾರತದಲ್ಲಿ ೧೯೮೭ರಲ್ಲಿ ಹಬ್ಬಿದ್ದ ಈ ಫ್ಲೂ, ೨೦೦೮ರಲ್ಲಿ ಜಮ್ಮುವಿನ ಕತ್ರಾದಲ್ಲಿ ಮತ್ತೆ ಕಾಣಿಸಿಕೊಂಡು ಹಲವು ರಾಜ್ಯಗಳಿಗೆ ಹರಡಿತು. ವೈರಸ್ಸು ದಾರಿಮಾಡಿಕೊಟ್ಟ ಬಳಿಕ ಬ್ಯಾಕ್ಟೀರಿಯವು ಒಳಹೊಗುವುದೂ ಉಂಟು. ಹೀಗಿರಲಾಗಿ ಹೊರಗಣ್ಣಿಗೆ ಕಾಣುವ ಲಕ್ಷಣದಿಂದ ಮಾತ್ರವೇ ಕಾರಣವನ್ನು ನಿರ್ಣಯಿಸುವುದು ನುರಿತ ವೈದ್ಯನಿಗೂ ಕಷ್ಟ.

೫

ನಿರ್ಣಯವು ಪ್ರಯೋಗಶಾಲೆಯಲ್ಲಿ ಆಗಬೇಕು. ಅದರ ತತ್ತ್ವವನ್ನು ಜರ್ಮನಿಯ ರಾಬರ್ಟ್ ಕಾಖನೂ ಅವನ ಸಹೋದ್ಯೋಗಿಗಳೂ ೧೮೮೦ರ ದಶಕದಲ್ಲಿ ಸ್ಥಾಪಿಸಿದರು. ಸಂಶಯಕ್ಕೊಳಗಾದ ಜೀವಿಯು ಆ ರೋಗಿಗಳಲ್ಲಿ ಕಂಡುಬರಬೇಕು. ಅದನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಲು ಬರಬೇಕು. ಹಾಗೆ ಬೆಳೆಸಿದುದನ್ನು ಸ್ವಸ್ಥ ಪ್ರಾಣಿಗೆ ಸೇರಿಸಿದರೆ ಅದೇ ರೋಗ ಬರಬೇಕು. ಆ ಪ್ರಾಣಿಯಿಂದ ಅದೇ ಜೀವಿ ಮರಳಿ ದೊರೆಯಬೇಕು. ಇಷ್ಟಾದ ಮೇಲೆಯೇ ಅದನ್ನು ಕಾರಣವೆನ್ನಬಹುದು. ಈ ಮಾರ್ಗದಲ್ಲಿ ೧೮೮೨ರಲ್ಲಿ ಲೋಫ್ಲರ್ ಮತ್ತು ಷುಟ್ಸ್ ಎಂಬವರು ಗ್ಲ್ಯಾಂಡರ್ಸಿನ ರೋಗಾಣುವನ್ನು ಕಂಡುಹಿಡಿದರು. ೧೮೮೮ರಲ್ಲಿ ಅದೇ ಷುಟ್ಸನು ಸ್ಟ್ರ್ಯಾಂಗಲ್ಸಿನ ರೋಗಾಣುವನ್ನು ನಿರ್ಧರಿಸಿದನು. ಮೊದಲನೆಯದಕ್ಕೆ ಈಗ ಬರ್ಖೋಲ್ಡೇರಿಯ ಮ್ಯಾಲಿಯೈ ಎಂದೂ, ಎರಡನೆಯದಕ್ಕೆ ಸ್ಟ್ರೆಪ್ಟೊಕಾಕಸ್ ಇಕ್ವೈ ಎಂದೂ ಹೆಸರು.

ಇಂದು ಸ್ಟ್ರ್ಯಾಂಗಲ್ಸನ್ನು ಶಂಕಿಸಿದ ಪಶುವೈದ್ಯನು ಮೂಗಿನ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿಯೋ, ಶುದ್ಧದ್ರವದಿಂದ ತೊಳೆದೋ, ಊದಿದ ಗ್ರಂಥಿಯಿಂದ ಕೀವನ್ನು ಸೂಜಿಯ ಮೂಲಕ ತೆಗೆದೋ ಮಾದರಿಯನ್ನು ಸಂಗ್ರಹಿಸುತ್ತಾನೆ. ಅದನ್ನು ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಸವರಿ ದೇಹದ ಉಷ್ಣತೆಯಲ್ಲಿಟ್ಟರೆ, ಮರುದಿನವೋ ಅದರ ಮರುದಿನವೋ ಸಣ್ಣ ಹನಿಗಳಂಥ ಬೆಳವಣಿಗೆ ಕಾಣುತ್ತದೆ. ಪ್ರತಿ ಹನಿಯ ಸುತ್ತಲೂ ರಕ್ತಕಣಗಳು ಕರಗಿ ತಿಳಿಯಾದ ವಲಯವುಂಟಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಜೋಡಣೆಯಾದ ಗುಂಡುಜೀವಿಗಳು ಕಾಣುತ್ತವೆ. ಅಮೆರಿಕದ ರೆಬೆಕ ಲ್ಯಾನ್ಸ್‌ಫೀಲ್ಡ್ ೧೯೩೩ರಲ್ಲಿ ಸೂಚಿಸಿದ ವರ್ಗೀಕರಣದಂತೆ ಇವು ಸಿ ಗುಂಪಿಗೆ ಸೇರುತ್ತವೆ.

ಇಷ್ಟಕ್ಕೆ ಕೆಲಸ ಮುಗಿಯದು. ಅದೇ ಸಿ ಗುಂಪಿಗೆ ಸೇರಿದ, ನೋಡುವುದಕ್ಕೆ ಬಹಳ ಹತ್ತಿರವಾದ ಇನ್ನೊಂದು ಜೀವಿಯಿದೆ. ಅದರ ಹೆಸರು ಝೂಎಪಿಡೆಮಿಕಸ್. ಮೇಲೆ ಹೇಳಿದ, ಸ್ವಸ್ಥ ಕುದುರೆಯ ಗಂಟಲಲ್ಲಿ ಸಹಜವಾಗಿರುವ ಜೀವಿಗಳಲ್ಲಿ ಇದು ಮುಖ್ಯವಾದುದು. ಆದುದರಿಂದ ಅದು ದೊರೆತಮಾತ್ರಕ್ಕೆ ಸ್ಟ್ರ್ಯಾಂಗಲ್ಸ್ ಎಂದು ಹೇಳುವಂತಿಲ್ಲ. ಇವೆರಡನ್ನು ಬೇರ್ಪಡಿಸುವುದಕ್ಕೆ ಸಕ್ಕರೆಗಳ ಪರೀಕ್ಷೆ ಮಾಡುತ್ತಾರೆ. ಝೂಎಪಿಡೆಮಿಕಸ್ ಲ್ಯಾಕ್ಟೋಸನ್ನೂ ಸಾರ್ಬಿಟಾಲನ್ನೂ ಹುಳಿಯಿಸಬಲ್ಲುದು. ಇಕ್ವೈ ಸಾಮಾನ್ಯವಾಗಿ ಇವೆರಡನ್ನೂ ಹುಳಿಯಿಸಲಾರದು. ಇಂದಿನ ದಿನಗಳಲ್ಲಿ ರೋಗಾಣುವಿನ ವಿಶಿಷ್ಟ ಜೀನನ್ನು ಪಿ.ಸಿ.ಆರ್. ವಿಧಾನದಿಂದ ನೇರವಾಗಿ ಹುಡುಕುತ್ತಾರೆ. ಇದರಿಂದ ಫಲ ಬೇಗ ತಿಳಿಯುತ್ತದೆ. ಆದರೆ ಸತ್ತ ರೋಗಾಣುವಿನ ಜೀನೂ ಈ ಪರೀಕ್ಷೆಗೆ ಸಿಕ್ಕಿಬೀಳುವುದರಿಂದ, ವೈದ್ಯನು ಫಲವನ್ನು ಕುದುರೆಯ ಸ್ಥಿತಿಯೊಡನೆ ಹೋಲಿಸಿ ಓದಬೇಕಾಗುತ್ತದೆ.

ಇನ್ನೊಂದು ಸಂಗತಿ ನಮ್ಮ ಚರ್ಚೆಗೆ ವಿಶೇಷವಾಗಿ ಸಂಬಂಧಪಟ್ಟುದು. ಕುದುರೆಯ ಗಂಟಲಿನ ಮೇಲ್ಗಡೆ ಎರಡು ಪಕ್ಕಗಳಲ್ಲಿಯೂ, ಕಿವಿಗೆ ಹೋಗುವ ನಾಳದೊಡನೆ ಕೂಡಿಕೊಂಡಂತೆ, ಗಾಳಿ ತುಂಬಿದ ಒಂದೊಂದು ಚೀಲವಿರುತ್ತದೆ. ರೋಗದಿಂದ ಗುಣಹೊಂದಿದ ಕೆಲವು ಕುದುರೆಗಳಲ್ಲಿ ಈ ಚೀಲದೊಳಗೆ ಕೀವು ಒಣಗಿ ಉಳಿದು, ಅದರಲ್ಲಿ ರೋಗಾಣುಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವಿಸಿರುತ್ತವೆ. ಅಂಥ ಕುದುರೆ ನೋಡುವುದಕ್ಕೆ ಪೂರ್ಣ ಆರೋಗ್ಯವಾಗಿದ್ದು, ಹೊಸ ಲಾಯಕ್ಕೆ ಹೋದೆಡೆಯಲ್ಲೆಲ್ಲ ರೋಗವನ್ನು ಬಿತ್ತುತ್ತದೆ. ಅದನ್ನು ಕಂಡುಹಿಡಿಯಲು ಆ ಚೀಲವನ್ನು ತೊಳೆದ ನೀರನ್ನೇ ಪರೀಕ್ಷಿಸಬೇಕು.

ಗ್ಲ್ಯಾಂಡರ್ಸಿನ ಪರೀಕ್ಷೆಗೆ ಬೇರೆ ದಾರಿಯಿದೆ. ೧೮೯೦-೯೧ರ ಸುಮಾರಿಗೆ ರಷ್ಯದ ಪಶುವೈದ್ಯರು ಆ ರೋಗಾಣುವಿನ ಸಾರದಿಂದ ಮ್ಯಾಲಿನ್ ಎಂಬ ದ್ರವ್ಯವನ್ನು ಸಿದ್ಧಪಡಿಸಿದರು. ಅವರಲ್ಲೊಬ್ಬನಾದ ಕಾಲ್ನಿಂಗನು ಪ್ರಯೋಗಶಾಲೆಯಲ್ಲಿಯೇ ಸೋಂಕು ತಗುಲಿ ಮೃತನಾದನು. ಮ್ಯಾಲಿನ್ನನ್ನು ಕಣ್ಣಿನ ಕೆಳರೆಪ್ಪೆಯ ಚರ್ಮಕ್ಕೆ ಚುಚ್ಚಿದಾಗ, ರೋಗವಿರುವ ಕುದುರೆಯಲ್ಲಿ ಒಂದೆರಡು ದಿನಗಳೊಳಗೆ ರೆಪ್ಪೆ ಊದಿ ಕೀವು ಕಾಣಿಸುತ್ತದೆ. ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳೂ ಬಳಕೆಯಲ್ಲಿವೆ. ನಮ್ಮ ದೇಶದಲ್ಲಿ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರವು ಈ ಕಾರ್ಯದಲ್ಲಿ ಪ್ರಮುಖವಾದುದು.

೬

ಈ ತಿಳಿವಳಿಕೆಯನ್ನು ಇಟ್ಟುಕೊಂಡು ಹೋರ್ಮುಜಿನಿಂದ ಹಂಪೆಗೆ ಬರುತ್ತಿದ್ದ ಕುದುರೆಯ ದಾರಿಯನ್ನು ಮತ್ತೆ ನೋಡೋಣ.

ಮೊದಲನೆಯ ಘಟ್ಟವು ಹಡಗು. ಬೇರೆ ಬೇರೆ ಕಡೆಗಳಿಂದ ಕೂಡಿಸಿದ ಕುದುರೆಗಳನ್ನು ಇಕ್ಕಟ್ಟಾದ ಸ್ಥಳದಲ್ಲಿ ಒಟ್ಟಿಗೆ ನಿಲ್ಲಿಸಿ ವಾರಗಟ್ಟಲೆ ಸಾಗಿಸಬೇಕಾಗಿತ್ತು. ಅಲೆಯ ತೂಗಾಟಕ್ಕೆ ಬೀಳದಂತೆ ಅವುಗಳನ್ನು ಬಿಗಿಯಾಗಿ ಕಟ್ಟಬೇಕಾಗುವುದು ಸಹಜ. ಸ್ಟ್ರ್ಯಾಂಗಲ್ಸಿನ ರೋಗಾಣು ಹೊಕ್ಕು ಲಕ್ಷಣ ತೋರುವುದಕ್ಕೆ ಬೇಕಾದ ಕಾಲವೂ, ಕಟ್ಟಿದ ಕುದುರೆಯಲ್ಲಿ ಶ್ವಾಸಕೋಶದ ಉರಿಯೂತ ತಲೆದೋರುವುದಕ್ಕೆ ಬೇಕಾದ ಕಾಲವೂ ಇಂಥ ಪ್ರಯಾಣದ ಅವಧಿಯೊಳಗೆ ಸೇರುತ್ತವೆ. ಅದೂ ಅಲ್ಲದೆ ಸತ್ತ ಕುದುರೆಗೂ ಬೆಲೆ ದೊರೆಯುವುದಾದರೆ, ಹಡಗಿನಲ್ಲಿ ಕಡಿಮೆ ಕುದುರೆಗಳನ್ನು ತುಂಬಿ ವಿರಳವಾಗಿ ನಿಲ್ಲಿಸುವ ಎಚ್ಚರಿಕೆ ವರ್ತಕನಿಗೆ ಏಕೆ ಬೇಕು? ಸಾಳುವ ನರಸಿಂಹನ ಔದಾರ್ಯವು ವರ್ತಕರನ್ನು ಭಟ್ಕಳದತ್ತ ಸೆಳೆದಿರಬಹುದು. ಅದು ಕುದುರೆಗಳ ಆಯುಸ್ಸನ್ನು ಹೆಚ್ಚಿಸುವಂಥದಾಗಿರಲಿಲ್ಲ. ಕೃಷ್ಣದೇವರಾಯನೂ ಆಮುಕ್ತಮಾಲ್ಯದದ ರಾಜನೀತಿಭಾಗದಲ್ಲಿ ಕುದುರೆ, ಆನೆಗಳನ್ನು ತರುವ ದೂರದೇಶದ ವರ್ತಕರನ್ನು ಆದರಿಸಿ ತನ್ನವರನ್ನಾಗಿ ಮಾಡಿಕೊಳ್ಳಬೇಕೆಂದು ಉಪದೇಶಿಸುತ್ತಾನೆ. ಆ ಕುದುರೆಗಳು ಶತ್ರುವಿನ ಪಾಲಾಗಬಾರದೆಂಬುದು ಅವನ ಕಾಳಜಿ. ೧೫೪೭ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದ ಉದ್ದೇಶವೂ ಇದೇ ಆಗಿತ್ತು. ರಾಜನೀತಿಯ ದೃಷ್ಟಿಯೆಲ್ಲ ಕುದುರೆ ಯಾರ ಕೈಸೇರುವುದೆಂಬುದರ ಮೇಲೆ ನೆಟ್ಟಿದ್ದಿತು.

ಎರಡನೆಯ ಘಟ್ಟವು ರಾಜಧಾನಿ. ಬಂದರಿನಿಂದ ಘಟ್ಟವನ್ನು ಹತ್ತಿ ದಣಿದು ಬಂದ ಕುದುರೆಗಳು ಇಲ್ಲಿ ಹಳೆಯ ಕುದುರೆಗಳೊಡನೆಯೂ ನಾಡತಳಿಗಳೊಡನೆಯೂ ಕೂಡುತ್ತಿದ್ದುವು. ಮಹಾನವಮಿಯ ಉತ್ಸವಕ್ಕೆ ಅಲಂಕೃತವಾದ ಕುದುರೆಗಳನ್ನು ಅರಸನ ಮುಂದೆ ತಂದು ಪೂಜೆ ಸಲ್ಲಿಸುತ್ತಿದ್ದುದನ್ನೂ, ನಾಯಕರು ತಂತಮ್ಮ ಸೈನ್ಯಗಳೊಡನೆ ನೆರೆಯುತ್ತಿದ್ದುದನ್ನೂ ೧೫೨೦ರ ಸುಮಾರಿಗೆ ಕಂಡ ಪಾಯಸನು ವಿಸ್ತಾರವಾಗಿ ವರ್ಣಿಸಿದ್ದಾನೆ. ಸ್ಟ್ರ್ಯಾಂಗಲ್ಸಿನ ರೋಗಾಣು ಬಿಸಿಲಿಗೆ ಒಣಗಿದ ಕಡೆ ಕೆಲವೇ ದಿನಗಳಲ್ಲಿ ನಾಶವಾದರೂ, ಕುಡಿಯುವ ನೀರಿನ ತೊಟ್ಟಿಯಲ್ಲಿ ವಾರಗಟ್ಟಲೆ ಉಳಿಯಬಲ್ಲುದು. ಬೇರೆ ಬೇರೆ ಸೀಮೆಗಳ ಕುದುರೆಗಳು ಒಂದೆಡೆ ನೆರೆದು ಒಂದೇ ನೀರನ್ನು ಕುಡಿಯುವ ಸನ್ನಿವೇಶಕ್ಕಿಂತ ಅನುಕೂಲವಾದುದು ಅದಕ್ಕೆ ಇನ್ನೊಂದಿಲ್ಲ.

ಮೂರನೆಯ ಘಟ್ಟವು ಹಂಚಿಕೆ. ಅರಸನು ಉತ್ತಮವಾದ ಕುದುರೆಗಳನ್ನು ತನಗಿಟ್ಟುಕೊಂಡು, ನಾಡಕುದುರೆಗಳನ್ನು ಸಾವಿರ ಪರದಾವ್‌ಗೆ ಐದರಂತೆ ನಾಯಕರಿಗೆ ಮಾರುತ್ತಿದ್ದನೆಂದೂ, ಸೆಪ್ಟೆಂಬರ್ ತಿಂಗಳೊಳಗೆ ಆ ಹಣ ಸಲ್ಲಬೇಕಾಗಿತ್ತೆಂದೂ ನ್ಯೂನಿಜನು ಹೇಳುತ್ತಾನೆ. ಬಾರ್ಬೊಸನು ಇನ್ನೊಂದು ಪದ್ಧತಿಯನ್ನು ತಿಳಿಸುತ್ತಾನೆ. ಅರಸನಿಂದ ಕುದುರೆ ಪಡೆದ ಸವಾರನು ಅದನ್ನು ಚೆನ್ನಾಗಿ ನೋಡಿಕೊಂಡರೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಅದಕ್ಕಿಂತ ಒಳ್ಳೆಯದನ್ನು ಕೊಡುವರು. ಕೆಡಿಸಿದರೆ ಕೀಳಾದುದನ್ನು ಕೊಡುವರು. ಆಡಳಿತದ ದೃಷ್ಟಿಯಿಂದ ಇದು ಜಾಣತನದ ಕ್ರಮ. ರೋಗಾಣುವಿನ ದೃಷ್ಟಿಯಿಂದಲಾದರೋ, ಗುಣಹೊಂದಿದಂತೆ ಕಾಣುವ ಕುದುರೆಯನ್ನು ಲಾಯದಿಂದ ಲಾಯಕ್ಕೆ ಸಾಗಿಸುವ ಏರ್ಪಾಡು. ಗಂಟಲ ಚೀಲದಲ್ಲಿ ಸೋಂಕನ್ನು ಅಡಗಿಸಿಕೊಂಡ ಒಂದು ಕುದುರೆ ಈ ಕ್ರಮದಲ್ಲಿ ಎಷ್ಟು ಲಾಯಗಳನ್ನು ಹೊಕ್ಕಿರಬಹುದೆಂಬುದನ್ನು ವಾಚಕರೇ ಊಹಿಸಬಹುದು.

೭

ಹಾಗಾದರೆ ವಿಜಯನಗರದ ಕುದುರೆಗಳು ಸತ್ತುದು ಸ್ಟ್ರ್ಯಾಂಗಲ್ಸಿನಿಂದಲೇ ಎಂದು ಹೇಳಬಹುದೆ? ಹೇಳಕೂಡದೆಂಬುದೇ ನಮ್ಮ ಅಭಿಪ್ರಾಯ. ಮೇಲೆ ತೋರಿಸಿದುದು ರೋಗಕ್ಕೆ ಅನುಕೂಲವಾದ ಸನ್ನಿವೇಶವನ್ನು ಮಾತ್ರ. ಸ್ಟ್ರ್ಯಾಂಗಲ್ಸ್ ವ್ಯಾಪಕವಾಗಿ ಹರಡುವುದಾದರೂ ಬಹುಪಾಲು ಕುದುರೆಗಳನ್ನು ಕೊಲ್ಲುವುದಿಲ್ಲ. ಮಾರ್ಕೊ ಪೋಲೊ ಹೇಳುವಂಥ, ವರ್ಷದೊಳಗೆ ಹಿಂಡು ಕರಗಿಹೋಗುವ ನಷ್ಟಕ್ಕೆ ಅದೊಂದೇ ಸಾಲದು. ಗ್ಲ್ಯಾಂಡರ್ಸ್ ಕೊಲ್ಲುತ್ತದೆ, ಆದರೆ ಮೂಗಿನ ಹುಣ್ಣುಗಳ ವರ್ಣನೆ ಈ ಪ್ರವಾಸಿಗಳ ಬರಹದಲ್ಲಿಲ್ಲ. ರಕ್ತದಲ್ಲಿ ಸೇರುವ ಸೂಕ್ಷ್ಮಜೀವಿಯಿಂದ ಬರುವ ಸರ್ರಾ ಎಂಬ ರೋಗವೂ ಉಂಟು. ಗ್ರಿಫಿತ್ ಇವಾನ್ಸನು ೧೮೮೦ರಲ್ಲಿ ಅಂದಿನ ಪಂಜಾಬಿನಲ್ಲಿ ಅದರ ಕಾರಣವನ್ನು ಕಂಡನು. ನೊಣಗಳ ಕಡಿತದಿಂದ ಹರಡಿ, ಕುದುರೆಯನ್ನು ಕ್ರಮೇಣ ಕೃಶವಾಗಿಸಿ ಕೊಲ್ಲುವ ಈ ರೋಗವೂ ಪೋಲೊನ ಮಾತಿಗೆ ಸರಿಹೊಂದುತ್ತದೆ. ಒಗ್ಗದ ಮೇವಿನಿಂದ ಬರುವ ಹೊಟ್ಟೆಶೂಲೆಯನ್ನೂ, ಬಿಸಿಲಿನ ಝಳವನ್ನೂ ಮರೆಯುವಂತಿಲ್ಲ.

ಆದುದರಿಂದ ಆಧಾರಗಳನ್ನು ಮೂರು ಮೆಟ್ಟಿಲುಗಳಲ್ಲಿ ಇಡುವುದು ಯುಕ್ತವೆಂದು ನಮಗೆ ತೋರುತ್ತದೆ. ಸಾವಿನ ಲೆಕ್ಕವು ಮೊದಲನೆಯದು; ಅದು ನಮ್ಮಲ್ಲಿದೆ. ರೋಗ ಹರಡುವ ಸನ್ನಿವೇಶವು ಎರಡನೆಯದು. ಅದನ್ನು ವ್ಯಾಪಾರದ ಮತ್ತು ಆಡಳಿತದ ದಾಖಲೆಗಳಿಂದ ಪುನರ್ರಚಿಸಬಹುದು. ರೋಗಾಣುವಿನ ಗುರುತು ಮೂರನೆಯದು; ಅದಕ್ಕೆ ಕುದುರೆಯ ದೇಹಾವಶೇಷವೇ ಬೇಕು. ಮಾನವರ ವಿಷಯದಲ್ಲಿ ೧೪ನೆಯ ಶತಮಾನದ ಮಹಾಮಾರಿಗೆ ಬಲಿಯಾದವರ ಹಲ್ಲುಗಳಿಂದ ಪ್ಲೇಗಿನ ರೋಗಾಣುವಿನ ಜೀನುಗಳನ್ನು ಪಡೆದು, ೨೦೧೧ರಲ್ಲಿ ಪ್ರಕಟಿಸಿದರು. ಉತ್ಖನನದಲ್ಲಿ ದೊರೆಯುವ ಕುದುರೆಯ ಹಲ್ಲು, ದವಡೆಗಳನ್ನು ಎಸೆಯದೆ, ಬರಿಗೈಯಿಂದ ಮುಟ್ಟದೆ, ಪದರದ ವಿವರದೊಡನೆ ಕಾಪಾಡಿದರೆ ನಮ್ಮ ಪ್ರಶ್ನೆಗೂ ಅಂಥ ಉತ್ತರ ದೊರೆಯುವ ಸಂಭವವುಂಟು. ನಮ್ಮ ನೆಲದ ಉಷ್ಣದಲ್ಲಿ ಜೀನುಗಳು ಬೇಗ ನಶಿಸುತ್ತವೆಯಾದ್ದರಿಂದ ಸಿಕ್ಕ ಒಂದೊಂದು ಹಲ್ಲೂ ಅಮೂಲ್ಯವಾದುದು. ಗುಣವಾದ ಸ್ಟ್ರ್ಯಾಂಗಲ್ಸು ಎಲುಬಿನ ಮೇಲೆ ಗುರುತನ್ನು ಉಳಿಸುವುದು ವಿರಳ. ಆದಕಾರಣ ಬರಿಯ ಕಣ್ಣಿನ ಪರೀಕ್ಷೆಯಿಂದ ಅಲ್ಲಿಯೂ ನಿರ್ಣಯ ಸಾಧ್ಯವಾಗದು.

೮

ವಿ‌ಜಯನಗರದ ತರುವಾಯವೂ ಈ ಸೀಮೆಯಲ್ಲಿ ಕುದುರೆಯ ಮಹತ್ತ್ವ ಕುಂದಲಿಲ್ಲ. ೧೮ನೆಯ ಶತಮಾನದಲ್ಲಿ ಸಂಡೂರು ಮರಾಠ ಘೋರ್ಪಡೆ ಮನೆತನದ ಕೈಸೇರಿತು. ೧೯೪೯ರವರೆಗೂ ಅದು ಪ್ರತ್ಯೇಕ ಸಂಸ್ಥಾನವಾಗಿಯೇ ಉಳಿಯಿತು. ಮರಾಠರ ಅಶ್ವಸೈನ್ಯದಲ್ಲಿ ಸರಕಾರದ ಕುದುರೆ ಏರುವ ಬಾರಗೀರನೆಂದೂ, ಸ್ವಂತ ಕುದುರೆ ತರುವ ಶಿಲೇದಾರನೆಂದೂ ಎರಡು ವರ್ಗಗಳಿದ್ದುವು. ಶಿಲೇದಾರನಿಗೆ ಕುದುರೆ ಸತ್ತರೆ ಜೀವನೋಪಾಯವೇ ಹೋದಂತೆ. ವಿಜಯನಗರದಲ್ಲಿ ನಷ್ಟವನ್ನು ಅರಸನು ಹೊತ್ತನು. ಇಲ್ಲಿ ಸವಾರನೇ ಹೊರಬೇಕಾಯಿತು. ರೋಗದ ಕುದುರೆಯನ್ನು ಮುಚ್ಚಿಡುವ ಆಸೆ ಎರಡನೆಯ ವ್ಯವಸ್ಥೆಯಲ್ಲಿ ಹೆಚ್ಚೆಂಬುದು ಸ್ಪಷ್ಟ. ಬಳ್ಳಾರಿಯು ಬ್ರಿಟಿಷರ ದಂಡಿನ ಠಾಣ್ಯವಾಗಿ, ಸಂಡೂರಿನ ಬೆಟ್ಟಗಳಲ್ಲಿರುವ ರಾಮನದುರ್ಗವು ಅಲ್ಲಿನ ಸೈನಿಕರ ಆರೋಗ್ಯಧಾಮವಾದ ಕಾಲದಲ್ಲಿ, ಈ ಪ್ರಶ್ನೆಗೆ ಶಾಸನದ ರೂಪ ಬಂದಿತು. ೧೮೮೯ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿ ಸ್ಥಾಪಿತವಾಯಿತು. ೧೮೯೯ರಲ್ಲಿ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯಿದೆಯು ಜಾರಿಗೆ ಬಂದು, ರೋಗವುಳ್ಳ ಕುದುರೆಯನ್ನು ಹಿಡಿದು ಪರೀಕ್ಷಿಸಿ ಕೊಲ್ಲುವ ಅಧಿಕಾರವನ್ನು ಕೊಟ್ಟಿತು. ೨೦೦೯ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕುರಿತ ಹೊಸ ಕಾಯಿದೆಯು ಅದರ ಸ್ಥಾನದಲ್ಲಿ ಬಂದಿತು.

ಇದು ಕೇವಲ ಗತಕಾಲದ ವಿಷಯವೆಂದು ಭಾವಿಸಲಾಗದು. ಅಡಗಿಹೋಯಿತೆಂದು ತಿಳಿದಿದ್ದ ಗ್ಲ್ಯಾಂಡರ್ಸ್ ೨೦೦೬ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿಕೊಂಡು ಬೇರೆ ರಾಜ್ಯಗಳಲ್ಲಿಯೂ ತಲೆದೋರಿತು. ಮೆರವಣಿಗೆಯ ಕುದುರೆ, ಹೇರು ಹೊರುವ ಕತ್ತೆಗಳು ಇಂದಿಗೂ ಬಡವನ ಆಸ್ತಿ. ಅದರ ಮೂಗು ಸುರಿಯುವಾಗ ಅದು ಗುಣವಾಗುವ ಸ್ಟ್ರ್ಯಾಂಗಲ್ಸೋ, ಕೊಲ್ಲಲೇಬೇಕಾದ ಗ್ಲ್ಯಾಂಡರ್ಸೋ ಎಂಬ ನಿರ್ಣಯದ ಮೇಲೆ ಒಂದು ಪ್ರಾಣಿಯ ಜೀವ, ಒಂದು ಮನೆಯ ಅನ್ನ, ಆರೈಕೆ ಮಾಡಿದವನ ಪ್ರಾಣ ನಿಂತಿರುತ್ತವೆ. ಲಕ್ಷಣ ನೋಡಿ ಅವಸರದಲ್ಲಿ ಹೆಸರಿಡುವುದು ಅಲ್ಲಿ ಎಷ್ಟು ಅಪಾಯವೋ, ಶಬ್ದಸಾಮ್ಯ ನೋಡಿ ಹಳೆಯ ರೋಗಕ್ಕೆ ಹೊಸ ಹೆಸರಿಡುವುದು ಇತಿಹಾಸದಲ್ಲಿಯೂ ಅಷ್ಟೇ ಅಪಾಯ.

ಒಟ್ಟಿನಲ್ಲಿ, ವಿಜಯನಗರದ ಕುದುರೆಗಳ ಸಾವಿಗೆ ಹವೆಯೊಂದನ್ನೇ ಹೊಣೆಮಾಡುವ ವಾಡಿಕೆಯನ್ನು ಕೈಬಿಡುವುದಕ್ಕೆ ಸಾಕಷ್ಟು ಕಾರಣಗಳಿವೆ. ಸಾಗಣೆ, ಕೂಟ, ಹಂಚಿಕೆ ಇವು ಮೂರೂ ಮನುಷ್ಯರು ಮಾಡಿದ ಏರ್ಪಾಡುಗಳು. ಶ್ವಾಸಮಾರ್ಗದ ರೋಗಗಳು ಹರಡುವುದು ಇಂಥ ಏರ್ಪಾಡುಗಳ ಮೂಲಕವೇ. ಇಷ್ಟನ್ನು ಲಿಖಿತ ಆಧಾರಗಳಿಂದ ಹೇಳಬಹುದು. ರೋಗಾಣುವಿನ ಹೆಸರನ್ನು ಹೇಳುವ ಅಧಿಕಾರವು ಮಣ್ಣಿನಿಂದ ದೊರೆಯುವ ಅವಶೇಷಕ್ಕೆ ಸೇರಿದುದು. ಹಂಪೆ, ಕಂಪ್ಲಿಗಳ ಪರಿಸರದಲ್ಲಿ ಮುಂದೆ ಕ್ಷೇತ್ರಕಾರ್ಯ ನಡೆಸುವ ವಿದ್ಯಾರ್ಥಿಗಳು ಶಾಸನ, ನಾಣ್ಯಗಳೊಡನೆ ಪ್ರಾಣಿಗಳ ಎಲುಬು, ಹಲ್ಲುಗಳನ್ನೂ ಆಧಾರಸಾಮಗ್ರಿಯೆಂದು ಎಣಿಸಿ, ಪಶುವೈದ್ಯರ ನೆರವನ್ನು ಪಡೆದು ಕೆಲಸಮಾಡುವುದು ಅಪೇಕ್ಷಣೀಯ.